ಗುಂದೆಗಾಳನ್ನು ಯಾರೂ ಹೊಗಳಲಿಲ್ಲ

ಗುಂದೆಗಾ ಸ್ಕುಯಾ ಹುಟ್ಟಿದ ದಿನ ಅವಳ ಅಪ್ಪ ಓಲ್ಗೆರ್ಟ್ಸ್ ಆಸ್ಪತ್ರೆಗೆ ಬಂದು, ಮಗುವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಹೂಂ, ಇರ್ಲಿ" ಎಂದನಂತೆ. ಅವಳ ಅಮ್ಮ ಬಿರೂತಾ ಆ ಮಾತನ್ನು ನೆನೆಸಿಕೊಂಡು ಇವತ್ತಿಗೂ ಕಣ್ಣೊರೆಸಿಕೊಳ್ಳುತ್ತಾಳೆ. ಗಂಡ ಅಷ್ಟು ಭಾವುಕನಾದದ್ದನ್ನು ಅವಳು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಅವರ ಊರು ವೀತೋಲಿ, ಲಾಟ್ವಿಯಾದ ಉತ್ತರದಲ್ಲಿ ಸಾಲಾತ್ಸಾ ಹೊಳೆಯ ದಂಡೆಯ ಮೇಲಿದೆ. ಓಲ್ಗೆರ್ಟ್ಸ್ ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವ ಗಾಡಿ ಓಡಿಸುತ್ತಾನೆ, ಬೇಸಿಗೆಯಲ್ಲಿ ಅದೇ ರಸ್ತೆಗೆ ಜಲ್ಲಿ ಹರಡುತ್ತಾನೆ. ಬಿರೂತಾ ಊರಿನ ಶಾಲೆಯಲ್ಲಿ ಅಡುಗೆಯವಳು. ಸಬ್ಬಸಿಗೆ ಸೊಪ್ಪು ಉದುರಿಸದೆ ಒಂದು ತಟ್ಟೆಯನ್ನೂ ಅಡುಗೆಮನೆಯಿಂದ ಹೊರಗೆ ಬಿಟ್ಟವಳಲ್ಲ. ಒಂದು ವರ್ಷ ಓಲ್ಗೆರ್ಟ್ಸ್ ಯಾರ ಸಹಾಯವೂ ಇಲ್ಲದೆ ಮನೆಯ ಮಾಡನ್ನು ಹೊಸದಾಗಿ ಹೊದಿಸಿದ. ಪಕ್ಕದ ಮನೆಯವನು ಬೇಲಿಯ ಹತ್ತಿರ ಬಂದು, ಸಿಗರೇಟು ಸೇದಿ ಮುಗಿಯುವವರೆಗೂ ಮೇಲೆ ನೋಡುತ್ತಾ ನಿಂತು, "ಮಳೆ ಬಂದ್ರೆ ಗೊತ್ತಾಗುತ್ತೆ" ಎಂದು ಹೇಳಿ ಹೊರಟುಹೋದ. ಆ ಸಂಜೆ ಓಲ್ಗೆರ್ಟ್ಸ್ ಸಂಭ್ರಮದಿಂದ ಬಿಯರ್ ಬಾಟಲಿ ತೆರೆದ.

ಇಂಥ ಮನೆಯಲ್ಲಿ ಬೆಳೆದ ಹುಡುಗಿ ಶಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದಾಗ ಮುಖ್ಯೋಪಾಧ್ಯಾಯಿನಿ, "ಇವಳು ಮುಂದೆ ಓದಿದ್ರೆ ತೊಂದ್ರೆಯೇನಿಲ್ಲ" ಎಂದರು. ಅಷ್ಟು ಸಾಕಾಯಿತು. ಆ ವಂಶದಲ್ಲಿ ಯಾರೂ ಮೆಟ್ಟಿಲು ಹತ್ತದ ವಿಶ್ವವಿದ್ಯಾಲಯಕ್ಕೆ ಅವಳು ಹೋದಳು, ಕಾನೂನು ಓದಿದಳು. ಆಮೇಲೆ ರೀಗಾದ ಒಂದು ಸ್ನಾತಕೋತ್ತರ ಕಾನೂನು ಶಾಲೆಗೆ ಸೇರಿದಳು. ವಿಷಯ: ಅಂತರರಾಷ್ಟ್ರೀಯ ಮತ್ತು ಯುರೋಪಿಯನ್ ಕಾನೂನು. ಪೂರ್ವದ ಲಾತ್ಗಲೆಯ ಹಳ್ಳಿಯಿಂದ ಬಂದಿದ್ದ ನನಗೂ ಅವಳಿಗೂ ವಸತಿಗೃಹದಲ್ಲಿ ಒಂದೇ ಕೋಣೆ ಸಿಕ್ಕಿತು. ಮೊದಲ ಎರಡು ವಾರ ನಾವು ಮಾತಾಡಲಿಲ್ಲ. ಮೂರನೆಯ ವಾರ ಅವಳು ಮನೆಯಿಂದ ತಂದ ಹೊಗೆ ಹಾಕಿದ ಮೀನನ್ನು ನನ್ನ ಕಡೆ ತಳ್ಳಿದಳು. ಅಲ್ಲಿಂದ ನಾವು ಜೀವದ ಗೆಳತಿಯರು.

ಅವಳ ಸೋದರಮಾವ ವಿಲ್ನಿಸ್, ತಾಲ್ಲೂಕಿನ ಪುರಸಭೆಯಲ್ಲಿ ಅಧಿಕಾರಿ. ಸೊಸೆಗೆಂದು ಅಲ್ಲಿ ಒಂದು ಕುರ್ಚಿ ಕಾದಿರಿಸಿದ್ದ. ಕೆಲಸ ಊರಿನ ನಾಯಿಗಳ ನೋಂದಣಿ. ಒಂದು ಭಾನುವಾರ ನಾವಿಬ್ಬರೂ ಗುಂದೆಗಾಳ ಮನೆಯಲ್ಲಿ ಬೂದು ಬಟಾಣಿಯೂ ಹಂದಿಕೊಬ್ಬೂ ತಿನ್ನುತ್ತಾ ಕೂತಿದ್ದಾಗ ಅವನು ಕೇಳಿದ:

"ಅಲ್ಲಮ್ಮಾ, ಈ ಅಂತರರಾಷ್ಟ್ರೀಯ ಕಾನೂನು ಅಂದ್ರೆ ಏನು? ಯಾರು ಮಾಡ್ತಾರೆ, ಯಾರು ಕೇಳ್ತಾರೆ?"

"ದೇಶಗಳೇ ಮಾಡ್ಕೊಳ್ತವೆ ಮಾವ. ಎಲ್ಲಾ ಒಪ್ಕೊಂಡಿರ್ತವೆ."

"ಒಪ್ಕೊಂಡಿದ್ದನ್ನ ಮುರಿದ್ರೆ?"

"ಮಿಕ್ಕ ದೇಶಗಳು ಕಳವಳ ವ್ಯಕ್ತಪಡಿಸ್ತವೆ."

"ಮತ್ತೂ ಮುರಿದ್ರೆ?"

"ತೀವ್ರ ಕಳವಳ ವ್ಯಕ್ತಪಡಿಸ್ತವೆ."

ವಿಲ್ನಿಸ್ ಬಟಾಣಿ ಅಗಿದು ನುಂಗಿದ. "ನಮ್ಮಲ್ಲಿ ನಾಯಿಗೆ ಪಟ್ಟಿ ಹಾಕದೆ ಬಿಟ್ರೆ ದಂಡ ಹಾಕ್ತೀವಿ. ಬಾ ತಾಯಿ, ನಮ್ಮ ಕಾನೂನೇ ಗಟ್ಟಿ."

ಗುಂದೆಗಾ ಅವನ ತಟ್ಟೆಗೆ ಇನ್ನಷ್ಟು ಬಟಾಣಿ ಬಡಿಸಿದಳು. ಆದರೆ ರೀಗಾಕ್ಕೆ ಹಿಂತಿರುಗುವ ಬಸ್ಸಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಅನೆಲೆ, ನಾನು ನಾಯಿ ಬರ್ಕೊಳ್ಳೋಕೆ ಹೋಗಲ್ಲ ಕಣೇ" ಎಂದಳು. ಅವಳಿಗೆ ಒಂದೇ ಒಂದು ಆಸೆಯಿತ್ತು. ಲಕ್ಸೆಂಬರ್ಗಿನಲ್ಲಿ ಯುರೋಪಿಯನ್ ಒಕ್ಕೂಟದ ದೇಶಗಳ ಕಾನೂನುಗಳನ್ನು ತಾಳೆ ನೋಡುವ ಒಂದು ಸಣ್ಣ ಕಚೇರಿ ಇದೆ. ಪ್ರತಿ ವರ್ಷ ನಮ್ಮ ಶಾಲೆಯಿಂದ ಒಬ್ಬರನ್ನು, ಒಬ್ಬರನ್ನು ಮಾತ್ರ, ಅಲ್ಲಿಗೆ ತೆಗೆದುಕೊಳ್ಳುತ್ತಿದ್ದರು. ಅವಳಿಗೆ ಆ ಜಾಗ ಬೇಕಿತ್ತು.

ಅದಕ್ಕೆ ಅವಳು ಪಟ್ಟ ಶ್ರಮ ನಾನು ಕಂಡವಳು. ಬಾಳೆಗಿಡ ಗಾಜಿನ ಮನೆಯಲ್ಲಿ ಮಾತ್ರ ಬದುಕುವ ನಾಡಿನಲ್ಲಿ ಕೂತು ಬಾಳೆಹಣ್ಣಿನ ಆಮದಿನ ಬಗ್ಗೆ ಯುರೋಪಿನ ನ್ಯಾಯಾಲಯ ಕೊಟ್ಟ ತೀರ್ಪುಗಳನ್ನೆಲ್ಲ ಬಾಯಿಪಾಠ ಮಾಡಿದಳು. ಕಡಲ ಕಾನೂನಿನ ಪರೀಕ್ಷೆಗೆ, ಭೂಪಟದಲ್ಲೇ ಇಲ್ಲದ ಎರಡು ದೇಶಗಳ ನಡುವೆ, ಭರತ ಬಂದಾಗ ಮುಳುಗಿ ಇಳಿತದಲ್ಲಿ ಏಳುವ ಒಂದು ಬಂಡೆಗಾಗಿ ನಡೆದ ಕಾಲ್ಪನಿಕ ಮೊಕದ್ದಮೆ ವಾದಿಸಿದಳು. ಒಂದು ಇಡೀ ಚಳಿಗಾಲ ಆ ಬಂಡೆ ನಮ್ಮ ಕೋಣೆಯಲ್ಲೇ ವಾಸವಾಗಿತ್ತು. ನಿದ್ದೆಯಲ್ಲೂ ಅವಳು ಅದರ ಮೇಲೆ ಬಾವುಟ ಊರುತ್ತಿದ್ದಳು.

ಆದರೆ ತರಗತಿಯಲ್ಲಿ ಅವಳೂ ನಾವೂ ಎಲ್ಲರೂ ಮೂಕರು. ನಮ್ಮ ಮೇಷ್ಟ್ರು ತಾಲಿವಾಲ್ಡಿಸ್ ಕ್ರೌಕ್ಲಿಸ್, ಒಂದು ಪ್ರಶ್ನೆ ಕೇಳಿ, ಕೈಕಟ್ಟಿ ಕಿಟಕಿಯ ಹೊರಗೆ ದೌಗಾವಾ ನದಿ ನೋಡುತ್ತಾ ನಿಲ್ಲುವರು. ಉತ್ತರ ಎಲ್ಲರಿಗೂ ಗೊತ್ತಿರುತ್ತಿತ್ತು. ಗೊತ್ತಿದೆ ಎಂದು ತೋರಿಸಿಕೊಳ್ಳುವಷ್ಟು ನಾಚಿಕೆಗೆಟ್ಟವರು ಯಾರೂ ಇರಲಿಲ್ಲ. ನದಿಯಲ್ಲಿ ಒಂದು ಮಂಜುಗಡ್ಡೆ ಸೇತುವೆಯಿಂದ ಸೇತುವೆಗೆ ತೇಲಿಹೋಗುವವರೆಗೆ ಮೌನ. ಕೊನೆಗೆ ನೇಪಲ್ಸಿನಿಂದ ಬಂದಿದ್ದ ರುಜ್ಜೆರೊ ಎದ್ದು ನಿಲ್ಲುವನು. ಅವನಿಗೆ ಉತ್ತರ ಗೊತ್ತಿರುತ್ತಿರಲಿಲ್ಲ. ಆದರೂ ಎರಡು ಕೈಯನ್ನೂ ಆಡಿಸುತ್ತಾ, ಬೆಂಚು ಸುತ್ತುತ್ತಾ, ಎಷ್ಟು ಚೆನ್ನಾಗಿ ಹೇಳುತ್ತಿದ್ದನೆಂದರೆ, ಗೊತ್ತಿದ್ದ ನಮಗೇ ಅನುಮಾನ ಬಂದುಬಿಡುತ್ತಿತ್ತು.

"ಅದ್ಭುತ, ರುಜ್ಜೆರೊ. ಬಹಳ ಸೊಗಸಾಗಿ ಮಾತಾಡ್ತೀಯ" ಎನ್ನುವರು ಕ್ರೌಕ್ಲಿಸ್.

ನಾವು ತಲೆ ತಗ್ಗಿಸುತ್ತಿದ್ದೆವು, ಪಾಪ, ಅವನಿಗೆ ಅವಮಾನವಾಗಬಾರದೆಂದು. ಅವನು ಮಾತ್ರ ಹಿಗ್ಗಿ ಹೀರೇಕಾಯಿಯಾಗಿ ಕೂರುವನು. ಒಳ್ಳೆಯ ಹುಡುಗ. ನಮ್ಮಲ್ಲಿ ಹೊಗಳಿಕೆಗೆ ಏನರ್ಥವೆಂದು ಹೇಳಿ ಅವನ ಸಂತೋಷ ಯಾಕೆ ಕೆಡಿಸಬೇಕೆಂದು ಯಾರೂ ಹೇಳಲಿಲ್ಲ.

ಲಕ್ಸೆಂಬರ್ಗಿನ ಜಾಗಕ್ಕೆ ಅರ್ಜಿ ಹಾಕಿದವರು ಇಬ್ಬರೇ: ಗುಂದೆಗಾ, ರುಜ್ಜೆರೊ. ಕಚೇರಿಯ ಮುಖ್ಯಸ್ಥೆ ಓರ್ಸೊಲಾ ತ್ರೆವಿಸಾನ್ ಎಂಬ ವೆನಿಸ್ ಕಡೆಯ ಹೆಂಗಸು. ಅರ್ಜಿದಾರರ ಬಗ್ಗೆ ಅವರ ಮೇಷ್ಟ್ರನ್ನು ತಾನೇ ಫೋನಿನಲ್ಲಿ ವಿಚಾರಿಸುವುದು ಅವಳ ಪದ್ಧತಿ. ಮಾರ್ಚಿನ ಒಂದು ಬೆಳಿಗ್ಗೆ ಫೋನು ಬಂತು. ಆ ಹೊತ್ತಿಗೆ ಶಾಲೆಯ ಗುಮಾಸ್ತೆ ಕ್ರೌಕ್ಲಿಸ್ ಅವರ ಕೋಣೆಯಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದಳು. ಕುಂಡ ತುಂಬಿ ನೀರು ಮೇಜಿನ ಮೇಲೆ ಹರಿದರೂ ಹಾಕುತ್ತಲೇ ಇದ್ದಳಂತೆ, ಅಂಥ ಮಾತು ಕೇಳಿದಳು. ನೇರ ನಮ್ಮ ತರಗತಿಗೆ ಓಡಿಬಂದಳು.

"ಏನಂದ್ರು ಗೊತ್ತಾ ಮೇಷ್ಟ್ರು? ಗುಂದೆಗಾ ಬಗ್ಗೆ?"

"ಏನಂದ್ರು?"

"'ಆ ಹುಡುಗಿ ಮೇಲೆ ನಂದೇನೂ ದೂರಿಲ್ಲ' ಅಂದ್ರು!"

ಯಾರೋ ಪುಸ್ತಕ ಕೆಳಗೆ ಹಾಕಿದರು. ಕ್ರೌಕ್ಲಿಸ್‌ಗೆ ಎಲ್ಲದರ ಮೇಲೂ ದೂರಿತ್ತು. ಒಕ್ಕೂಟಕ್ಕೇ ಬುನಾದಿಯಾದ ರೋಮ್ ಒಪ್ಪಂದದ ಮೇಲೆ ದೂರಿತ್ತು, ತಮ್ಮ ಗುರುಗಳ ಮೇಲೆ ದೂರಿತ್ತು, ತಾವೇ ಬರೆದ ಪಠ್ಯಪುಸ್ತಕದ ಮೇಲೆ ಮುನ್ನುಡಿಯಲ್ಲೇ ದೂರು ಬರೆದಿದ್ದರು.

"ಅಷ್ಟೇ ಅಲ್ಲ" ಎಂದಳು ಗುಮಾಸ್ತೆ, ಎದೆ ಹಿಡಿದುಕೊಂಡು. "ಆಮೇಲೆ, 'ಅವಳು ಬರೆದದ್ದನ್ನ ಓದಬಹುದು' ಅಂತ ಬೇರೆ ಅಂದ್ರು."

ಗುಂದೆಗಾ ಕಿವಿಯವರೆಗೂ ಕೆಂಪಾಗಿ, "ಸುಮ್ನಿರ್ರೇ, ಅವರಿಗೆ ಹುಷಾರಿಲ್ವೇನೋ" ಎಂದಳು. ಆ ದಿನ ನಾವು ಕೇಕು ತಂದೆವು. ರುಜ್ಜೆರೊ ಕೂಡ ಬಂದು ಅವಳನ್ನು ತಬ್ಬಿಕೊಂಡ, ಅವಳು ತೂಗುಹಾಕಿದ ಕೋಟಿನಂತೆ ನಿಂತಿದ್ದಳು. "ನನ್ನ ಬಗ್ಗೆ ಏನಂದ್ರಂತೆ?" ಎಂದು ಅವನು ಕೇಳಿದ. ಗುಮಾಸ್ತೆ ನೆಲ ನೋಡುತ್ತಾ, "ಅದ್ಭುತ ಪ್ರತಿಭೆ, ಎಲ್ಲಿ ಹೋದ್ರೂ ಹೊಳೀತಾನೆ ಅಂದ್ರು" ಎಂದಳು. ರುಜ್ಜೆರೊ ಕೇಕಿನ ದೊಡ್ಡ ತುಂಡು ತೆಗೆದುಕೊಂಡ. ನಾವೆಲ್ಲ ಅವನಿಗೆ ಇನ್ನೊಂದು ತುಂಡು ಹಾಕಿದೆವು, ಕರುಣೆಯಿಂದ.

ಹತ್ತು ದಿನದಲ್ಲಿ ಲಕ್ಸೆಂಬರ್ಗಿನಿಂದ ಗುಂದೆಗಾಳಿಗೆ ಉತ್ತರ ಬಂತು. ವಿನಯದ ಉತ್ತರ. ಅವಳ ಸ್ವಂತ ಪ್ರಾಧ್ಯಾಪಕರೇ ಅವಳ ಬಗ್ಗೆ ಒಂದೂ ಒಳ್ಳೆಯ ಮಾತು ಹೇಳಲು ಸಿದ್ಧರಿಲ್ಲದ್ದರಿಂದ, ಜಾಗವನ್ನು ಇನ್ನೊಬ್ಬ ಅಭ್ಯರ್ಥಿಗೆ ಕೊಡುವ ಯೋಚನೆಯಿದೆ ಎಂದು.

ಅವಳು ಅದನ್ನು ಓದಿ, ಮಡಿಸಿಟ್ಟು, ಆಲೂಗಡ್ಡೆ ಸುಲಿಯಲು ಕೂತಳು. ಇಬ್ಬರಿಗೆ ಬೇಕಾದ್ದಕ್ಕಿಂತ ತುಂಬ ಹೆಚ್ಚು ಸುಲಿದಳು. ನಾನು ಪಕ್ಕದಲ್ಲಿ ಕೂತು ಸಿಪ್ಪೆ ಬಳಿದಿಟ್ಟೆ. ಎಷ್ಟೋ ಹೊತ್ತಾದ ಮೇಲೆ ಚಾಕು ಕೆಳಗಿಟ್ಟು ಕೇಳಿದಳು:

"'ಕೊಟ್ಟಿದ್ದೇವೆ' ಅಂತ ಬರೆದಿದಾರಾ, 'ಕೊಡುವ ಯೋಚನೆ' ಅಂತ ಬರೆದಿದಾರಾ?"

"ಯೋಚನೆ."

"ಹಂಗಾದ್ರೆ ನಿರ್ಧಾರ ಆಗಿಲ್ಲ. ಒಬ್ಬರಿಗೆ ವಿರುದ್ಧವಾಗಿ ನಿರ್ಧಾರ ಮಾಡೋಕೆ ಮುಂಚೆ ಅವರ ಮಾತು ಕೇಳಬೇಕು. ಒಕ್ಕೂಟದ ಯಾವ ಕಚೇರಿಗೂ ಅದು ತಪ್ಪಿದ್ದಲ್ಲ. ನನ್ನ ಅಹವಾಲು ಕೇಳಲಿ."

"ಏನಂತ ಹೇಳ್ತೀಯೇ? ನಾನು ಒಳ್ಳೆಯವಳು ಅಂತಾನಾ?"

"ಥೂ, ಅದನ್ನ ಯಾರು ಹೇಳ್ತಾರೆ!" ಎಂದಳು. "ನಮ್ಮಲ್ಲಿ ಹೊಗಳೋ ಪದ್ಧತಿ ಇಲ್ಲ ಅಂತ ಸಾಬೀತು ಮಾಡ್ತೀನಿ. ರೂಢಿಯೂ ಕಾನೂನೇ."

ನಮ್ಮ ಶಾಸ್ತ್ರದಲ್ಲಿ ರೂಢಿ ಕಾನೂನಾಗಬೇಕಾದರೆ ಎರಡನ್ನು ತೋರಿಸಬೇಕು. ಜನ ಹಾಗೆಯೇ ನಡೆದುಕೊಂಡು ಬಂದಿದ್ದಾರೆ ಎಂಬುದು ಒಂದು. ಹಾಗೆ ನಡೆಯುವುದು ತಮ್ಮ ಕರ್ತವ್ಯವೆಂದು ಅವರು ನಂಬಿದ್ದಾರೆ ಎಂಬುದು ಇನ್ನೊಂದು. ದೊಡ್ಡ ದೇಶಗಳು ಇದನ್ನು ಕಡಲಿನ ಮೀನಿಗಾಗಿ, ಆಕಾಶದ ಹಾದಿಗಾಗಿ ವಾದಿಸುತ್ತವೆ. ಗುಂದೆಗಾ ತನ್ನ ಊರಿನ ಮೌನಕ್ಕಾಗಿ ವಾದಿಸಲು ಹೊರಟಳು. ತ್ರೆವಿಸಾನ್ ಒಪ್ಪಿದಳು. ಏಪ್ರಿಲಿನಲ್ಲಿ, ನಮ್ಮ ಶಾಲೆಯ ಕೋಣೆಯ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ವಿಚಾರಣೆ ಎಂದು ನಿಗದಿಯಾಯಿತು.

ಸುದ್ದಿ ಕೇಳಿದ ರುಜ್ಜೆರೊ ನಮ್ಮ ಕೋಣೆಗೇ ಬಂದ. ಜಗಳಕ್ಕೆ ಬಂದನೆಂದು ನಾನು ಬಾಗಿಲಲ್ಲೇ ನಿಂತೆ. ಅವನು ಬಂದದ್ದು ಸಹಾಯಕ್ಕೆ.

"ನೋಡು ತಾಯಿ, ನಾನು ಗೆಲ್ಲೋದಾದ್ರೆ ಗೆಲ್ತೀನಿ, ಆದ್ರೆ ನೀನು ಹಿಂಗೆ ಸೋಲೋದು ನನಗೆ ಇಷ್ಟ ಇಲ್ಲ. ರೂಢಿ ಗೀಢಿ ಬಿಡು. ಎದ್ದು ನಿಂತು, ಎದೆ ಮೇಲೆ ಕೈ ಇಟ್ಟು, 'ನಾನು ಗುಂದೆಗಾ, ಯುರೋಪ್ ನನಗೋಸ್ಕರ ಕಾಯ್ತಾ ಇದೆ' ಅನ್ನು. ಹೂಂ, ಅನ್ನು!"

ಗುಂದೆಗಾ ಎದ್ದು ನಿಂತಳು. ಎದೆಯ ಮೇಲೆ ಕೈ ಇಟ್ಟಳು. "ನಾನು ಗುಂದೆಗಾ" ಎಂದಳು. ಮುಂದಿನದು ಬರಲಿಲ್ಲ.

"ಯುರೋಪ್..." ಎಂದು ಅವನು ಕೈ ಹಿಡಿದೆಳೆದಂತೆ ಹೇಳಿಕೊಟ್ಟ.

"ಯುರೋಪ್... ಇದೆ" ಎಂದಳು.

ರುಜ್ಜೆರೊ ತಲೆ ಮೇಲೆ ಕೈಹೊತ್ತು ಕೂತ. "ನಮ್ಮೂರಲ್ಲಿ ಮೀನು ಮಾರೋವಳು ನಿನಗಿಂತ ಚೆನ್ನಾಗಿ ಸತ್ತ ಮೀನನ್ನ ಹೊಗಳ್ತಾಳೆ."

"ನಮ್ಮೂರಲ್ಲಿ ಹೊಗಳಿದ್ರೆ ಮೀನು ನಾರ್ತಾ ಇದೆ ಅಂತ ಅರ್ಥ" ಎಂದಳು ಗುಂದೆಗಾ. ಎಂದವಳು ತಟ್ಟನೆ ಪೆನ್ನು ತೆಗೆದುಕೊಂಡಳು, ವಾದಕ್ಕೆ ಒಂದು ಅಂಶ ಸಿಕ್ಕಿತೆಂದು.

ವಿಚಾರಣೆಯ ದಿನ ಪರದೆಯ ಮೇಲೆ ತ್ರೆವಿಸಾನ್ ಕಾಣಿಸಿಕೊಂಡಳು. ಬಂಗಾರದ ಚೌಕಟ್ಟಿನ ಕನ್ನಡಕ, ದೊಡ್ಡ ನಗೆ. "ಎಂಥ ಚಂದದ ಕೋಣೆ! ಎಂಥ ಬೆಳಕು! ನಿಮ್ಮೆಲ್ಲರನ್ನ ನೋಡಿ ನನಗೆ ಎಷ್ಟು ಖುಷಿ!" ಎಂದಳು. ನಾವು ಗಾಬರಿಯಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕ್ರೌಕ್ಲಿಸ್ ಮೊದಲ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದರು. ರುಜ್ಜೆರೊ ಗೋಡೆಗೆ ಒರಗಿ ನಿಂತಿದ್ದ. ಅಮ್ಮನ ಸಾಕ್ಷಿ ಹೇಳಿಕೆಯನ್ನು ಮಗಳೇ ಅನುವಾದಿಸಬಾರದಲ್ಲ, ಆ ಕೆಲಸ ನನ್ನದು.

ಸಾಕ್ಷಿ ಬಿರೂತಾ. ಅವಳು ವೀತೋಲಿಯ ಶಾಲೆಯ ಅಡುಗೆಮನೆಯಿಂದಲೇ ಪರದೆಗೆ ಬಂದಳು, ಕೈಯಲ್ಲಿ ಸೌಟು. ಹಿಂದೆ ಕುದಿಯುವ ಹುಳಿಸೊಪ್ಪಿನ ಸಾರಿನ ಆವಿ. ಆವಿಯಲ್ಲಿ ಅರ್ಧ ಮರೆಯಾಗಿ ಓಲ್ಗೆರ್ಟ್ಸ್ ಟೋಪಿ ತೆಗೆಯದೆ ನಿಂತಿದ್ದ.

ತ್ರೆವಿಸಾನ್ ಮೃದುವಾಗಿ ಕೇಳಿದಳು: "ಅಮ್ಮಾ, ನಿಮ್ಮ ಮಗಳ ಬಗ್ಗೆ ನಿಮಗೆ ಹೆಮ್ಮೆ ಇದೆಯಾ?"

ನಾನು ಅನುವಾದಿಸಿದೆ. ಬಿರೂತಾಳ ಮುಖ ಬಿಳಿಚಿತು.

"ಯಾಕೆ? ಅವಳಿಗೇನಾಯ್ತು? ಆಸ್ಪತ್ರೇಲಿದಾಳಾ? ಅನೆಲೆ, ನಿಜ ಹೇಳು!"

"ಇಲ್ಲಮ್ಮಾ, ಇಲ್ಲೇ ಕೂತಿದೀನಿ" ಎಂದಳು ಗುಂದೆಗಾ.

"ಮತ್ತೆ ಯಾಕೆ ಹಿಂಗೆಲ್ಲಾ ಕೇಳ್ತಿದಾರೆ?"

ತ್ರೆವಿಸಾನ್ ಕನ್ನಡಕ ಸರಿಮಾಡಿಕೊಂಡಳು. "ಸರಿ, ಬೇರೆ ರೀತಿ ಕೇಳ್ತೀನಿ. ಅವಳು ಒಳ್ಳೆ ಮಗಳಾ?"

ಬಿರೂತಾ ಗಂಡನ ಕಡೆ ನೋಡಿದಳು. ಓಲ್ಗೆರ್ಟ್ಸ್ ಭುಜ ಕುಣಿಸಿದ. "ಕೈಕಾಲು ನೆಟ್ಟಗಿದೆ" ಎಂದಳು ಬಿರೂತಾ. ಆಮೇಲೆ, ಸುಳ್ಳು ಹೇಳಿದಂತಾಗಬಾರದೆಂದು, "ಆಲೂಗಡ್ಡೆ ಸಿಪ್ಪೆ ದಪ್ಪ ತೆಗೀತಾಳೆ" ಎಂದು ಸೇರಿಸಿದಳು.

"ಅವಳು ಹುಟ್ಟಿದಾಗಿನಿಂದ ಒಂದು ಸಲವಾದರೂ ಅವಳನ್ನ ಹೊಗಳಿದೀರಾ?"

"ಇಲ್ಲಪ್ಪ!" ಬಿರೂತಾ ಸೌಟು ಎದೆಗೆ ಒತ್ತಿಕೊಂಡಳು, ಕಳ್ಳತನದ ಆರೋಪ ಬಂದವರಂತೆ. "ಯಾರು ಹೇಳಿದ್ದು ಹಂಗೆ?"

"ಯಾಕೆ ಹೊಗಳಲ್ಲ? ಮರೆತು ಬಿಟ್ಟಿದ್ದಾ, ಅಥವಾ ಹೊಗಳಬಾರದು ಅಂತಾನಾ?"

ಇದೇ ಪ್ರಶ್ನೆ. ಮರೆವಾದರೆ ಅದು ಬರೀ ಅಭ್ಯಾಸ, ಮೊಕದ್ದಮೆ ಬಿದ್ದುಹೋಯಿತು. ಕರ್ತವ್ಯವೆಂದರೆ ಮಾತ್ರ ಕಾನೂನು. ಅಮ್ಮನಿಗೆ ಮೊದಲೇ ಹೇಳಿಕೊಡಬಹುದಿತ್ತು. ಸಾಕ್ಷಿಗೆ ಹೇಳಿಕೊಡುವುದು ತಪ್ಪೆಂದು ಗುಂದೆಗಾ ಹೇಳಿಕೊಟ್ಟಿರಲಿಲ್ಲ. ಅವಳ ಬೆರಳು ಮೇಜಿನ ಅಂಚನ್ನು ಹಿಡಿದದ್ದು ನನಗೆ ಕಂಡಿತು.

ಬಿರೂತಾ ಸ್ವಲ್ಪ ಹೊತ್ತು ಸಾರು ಕಲಕಿದಳು.

"ನೋಡಿ ಮೇಡಂ, ನಮ್ಮಲ್ಲಿ ಸತ್ತೋರನ್ನ ಹೊಗಳ್ತೀವಿ. ಹೆಣ ಇಳಿಸೋಕೆ ಮುಂಚೆ ಎಲ್ರೂ ಒಂದೊಂದ್ ಒಳ್ಳೆ ಮಾತು ಹೇಳ್ತಾರೆ. ಆಮೇಲೆ ಮಣ್ಣು ಹಾಕ್ತೀವಿ. ಬದುಕಿರೋರನ್ನ ಹೊಗಳಿದ್ರೆ, ನಿನ್ನ ಕೆಲಸ ಮುಗೀತು, ಇನ್ನು ಹೋಗು ಅಂದಂಗೆ. ಹೆತ್ತ ಮಗೂಗೆ ಯಾರಾದ್ರೂ ಹಂಗಂತಾರಾ? ಅನ್ನಬಾರದು. ಅಂದ್ರೆ ತಪ್ಪು."

ನಾನು ಕೊನೆಯ ಮಾತಿನವರೆಗೂ ಅನುವಾದಿಸಿದೆ. ತ್ರೆವಿಸಾನ್ ಪರದೆಯ ಮೇಲೆ ರಾಜಾರೋಷವಾಗಿ ಅಳುತ್ತಿದ್ದಳು. ಬಿರೂತಾ ಅದನ್ನು ನೋಡಿ, "ಆಯಮ್ಮಂಗೆ ಈರುಳ್ಳಿ ಹೆಚ್ಚೋ ಕೆಲಸಾನಾ?" ಎಂದು ನನ್ನನ್ನು ಕೇಳಿದಳು. ಅದನ್ನು ನಾನು ಅನುವಾದಿಸಲಿಲ್ಲ.

"ರೂಢಿ ಇದೆ ಅಂತ ಒಪ್ಪಿದೀನಿ" ಎಂದು ತ್ರೆವಿಸಾನ್ ಮೂಗು ಒರೆಸಿಕೊಂಡು ಘೋಷಿಸಿದಳು. "ಪ್ರೊಫೆಸರ್ ಕ್ರೌಕ್ಲಿಸ್, ಹಾಗಾದ್ರೆ ನೀವು ಕುಮಾರಿ ಸ್ಕುಯಾ ಮೇಲೆ ದೂರಿಲ್ಲ ಅಂದದ್ದು, ನಿಮ್ಮ ರೂಢಿ ಪ್ರಕಾರ, ದೊಡ್ಡ ಮಾತೋ?"

ಕ್ರೌಕ್ಲಿಸ್ ಎದ್ದು ನಿಂತರು. ಕೆಮ್ಮಿದರು. "ಸ್ವಲ್ಪ ಅತಿಯಾಯ್ತು ಅಂತ ಆಮೇಲೆ ಅನ್ನಿಸ್ತು" ಎಂದರು.

"ಬಹಳ ಸಂತೋಷ. ಇನ್ನೊಂದೇ ವಿಷಯ." ತ್ರೆವಿಸಾನ್ ಕಾಗದ ತಿರುವಿದಳು. "ಸಿನ್ಯೋರ್ ರುಜ್ಜೆರೊ ಬಗ್ಗೆ ನೀವು ಹೇಳಿದ್ದು: ಅದ್ಭುತ ಪ್ರತಿಭೆ, ಎಲ್ಲಿ ಹೋದರೂ ಹೊಳೆಯುತ್ತಾನೆ..."

ಅವಳು ಅಲ್ಲಿಗೇ ನಿಂತಳು. ಕಾಗದ ನೋಡಿದಳು, ಕ್ರೌಕ್ಲಿಸ್‌ರನ್ನು ನೋಡಿದಳು. ಕೋಣೆಯಲ್ಲಿದ್ದ ನಾವೆಲ್ಲ ನೆಲ ನೋಡಿದೆವು. ಗುಂದೆಗಾ ಇದನ್ನು ಯೋಚಿಸಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ತನ್ನನ್ನು ಮೇಲೆತ್ತಲು ನೆಟ್ಟ ಸನ್ನೆಕೋಲು ಇನ್ನೊಂದು ತುದಿಯಲ್ಲಿ ಗೆಳೆಯನನ್ನು ಕೆಳಗಿಳಿಸುತ್ತದೆಂದು ಅವಳಿಗೆ ಆಗಲೇ ಹೊಳೆದದ್ದು. ಅವಳು ಎದ್ದಳು. "ಮೇಡಂ, ಆ ಮಾತನ್ನ ಇದಕ್ಕೆ ಸೇರಿಸಬೇಡಿ. ಅವನು ನಮ್ಮ ರೂಢಿಗೆ ಒಪ್ಪಿಗೆ ಕೊಟ್ಟವನಲ್ಲ. ಹೊರಗಿನವರಿಗೆ ಅದು ಅನ್ವಯಿಸಲ್ಲ."

ಅಷ್ಟರಲ್ಲಿ ಗೋಡೆಯ ಕಡೆಯಿಂದ ಒಂದು ಕೂಗು ಕೇಳಿತು.

"ಮೇಷ್ಟ್ರೇ! ಎರಡು ವರ್ಷ! ಎರಡು ವರ್ಷ ನಾನು ಅದನ್ನ ಹೊಗಳಿಕೆ ಅಂದ್ಕೊಂಡು ಪ್ರತಿ ವಾರ ನಮ್ಮಮ್ಮಂಗೆ ಫೋನ್ ಮಾಡಿ ಹೇಳ್ತಿದ್ದೆ! ಅವರು ಬೀದೀಲೆಲ್ಲಾ ಹೇಳ್ಕೊಂಡ್ ಬಂದಿದಾರೆ!"

"ನಿನ್ನ ಮನಸ್ಸು ನೋಯಿಸೋದು ಬೇಡ ಅಂತ..." ಎಂದು ಕ್ರೌಕ್ಲಿಸ್ ತಡವರಿಸಿದರು.

"ನೋಯಿಸ್ಬೇಕಿತ್ತು! ಬೈಬೇಕಿತ್ತು!" ರುಜ್ಜೆರೊ ಕೈ ಎತ್ತಿ ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯುತ್ತಿರಲಿಲ್ಲ. "ಯಾರೊಬ್ರೂ ಹೇಳಲಿಲ್ವಲ್ರೋ, ಪಾಪಿಗಳಾ! ಕೇಕ್ ಬೇರೆ ತಿನ್ನಿಸಿದ್ರಿ!" ಆಮೇಲೆ ಪರದೆಗೆ ತಿರುಗಿ, ಒಂದು ಕೈ ಎದೆಯ ಮೇಲಿಟ್ಟು, ತಲೆಬಾಗಿ ಹೇಳಿದ: "ಸಿನ್ಯೋರಾ, ಜಾಗ ಅವಳಿಗೆ ಕೊಡಿ. ಆ ಬಂಡೆ ಮೊಕದ್ದಮೇಲಿ ನಾನು ಎದುರಾಳಿ ವಕೀಲ. ನಾನು ವಾದಿಸಿದ್ದು ಅವಳೇ ಬರೆದುಕೊಟ್ಟಿದ್ದು. ತನ್ನದು ಬರೆದಾದ ಮೇಲೆ, ಎದುರು ಪಕ್ಷಕ್ಕೆ ಅನ್ಯಾಯ ಆಗಬಾರದು ಅಂತ ನಂದೂ ಬರೆದಳು."

ಇದು ನನಗೂ ಗೊತ್ತಿರಲಿಲ್ಲ. ಗುಂದೆಗಾ ತಪ್ಪು ಬಯಲಾದವಳಂತೆ ಮುಖ ಮುಚ್ಚಿಕೊಂಡಳು.

ಜಾಗ ಅವಳಿಗೆ ಸಿಕ್ಕಿತು. ರುಜ್ಜೆರೊ ಇನ್ನೊಂದು ವರ್ಷ ರೀಗಾದಲ್ಲೇ ಉಳಿದು, ತನ್ನ ಪ್ರಬಂಧವನ್ನು ಮೂರು ಬಾರಿ ಹರಿದು ಹೊಸದಾಗಿ ಬರೆದ. ಕ್ರೌಕ್ಲಿಸ್ ಕೊನೆಗೆ ಅದನ್ನು ಮೇಜಿನ ಮೇಲೆ ಎಸೆದು, "ಇದರಲ್ಲಿ ತಪ್ಪುಗಳಿವೆ" ಎಂದಾಗ ಅವನು ಅವರ ಕೈಗೆ ಮುತ್ತಿಟ್ಟು ಹೊರಗೆ ಓಡಿದನಂತೆ. ನಾಯಿಗಳ ನೋಂದಣಿಯ ಕುರ್ಚಿ ಖಾಲಿಯಿತ್ತಲ್ಲ, ವಿಲ್ನಿಸ್ ಅದನ್ನು ನನಗೆ ಕೊಟ್ಟ. ಕೆಲಸ ಗಟ್ಟಿಯಾಗಿದೆ, ಅವನು ಹೇಳಿದ್ದು ನಿಜ.

ಆದರೆ ತ್ರೆವಿಸಾನ್ ಅಷ್ಟಕ್ಕೇ ಬಿಡುವವಳಲ್ಲ. ಒಕ್ಕೂಟದ ಕಚೇರಿಯಲ್ಲಿ ಒಮ್ಮೆ ನಡೆದದ್ದು ಮುಂದಿನ ಸಲಕ್ಕೆ ನಿಯಮವಾಗಬೇಕು. ಯಾವ ನಾಡಿನ ಮೇಷ್ಟ್ರ ಯಾವ ಮಾತನ್ನು ಎಷ್ಟು ಮೇಲಕ್ಕೆ, ಎಷ್ಟು ಕೆಳಕ್ಕೆ ಓದಿಕೊಳ್ಳಬೇಕೆಂದು ಒಂದು ಮಾರ್ಗಸೂಚಿ ಹೊರಟಿತು. ಅದಕ್ಕೆ 'ಪ್ರಾದೇಶಿಕ ವಿನಯ ಸೂಚ್ಯಂಕ' ಎಂದು ಹೆಸರು. ಲಾಟ್ವಿಯದವರ ಸಾಲಿನಲ್ಲೇ ತಮ್ಮನ್ನೂ ಕೂರಿಸಿದ್ದಕ್ಕೆ ಎಸ್ಟೋನಿಯದವರು ಪ್ರತಿಭಟಿಸಿದರು. ತಾವು ಲಾಟ್ವಿಯದವರಿಗಿಂತ ಎಷ್ಟೋ ಕಡಿಮೆ ಮಾತಾಡುವವರು, ಇದು ಅವಮಾನ ಎಂದು ಎಷ್ಟೋ ಪುಟ ಬರೆದರು. ಲಿಥುವೇನಿಯದವರು ತಮ್ಮನ್ನು ಈ ಮೂಗರ ಪಟ್ಟಿಯಿಂದಲೇ ತೆಗೆಯಿರಿ ಎಂದರು. ದಕ್ಷಿಣದ ಮೇಷ್ಟ್ರುಗಳೆಲ್ಲ ಸೇರಿ, ನಮ್ಮ ಮಾತನ್ನು ಮಾತ್ರ ಇಳಿಸಿ ಓದುವುದು ರಾಷ್ಟ್ರೀಯತೆಯ ಆಧಾರದ ತಾರತಮ್ಯ ಎಂದು ದಾವೆ ಹೂಡಿದರು. ಇದನ್ನೆಲ್ಲ ಬಗೆಹರಿಸಲು ಒಂದು ಹೊಸ ವಿಭಾಗ ತೆರೆಯಬೇಕಾಯಿತು. ಅದಕ್ಕೆ ಅನುಭವಸ್ಥರು ಬೇಕಲ್ಲ. ಕಡಲು, ಗಡಿ, ಬಾಳೆಹಣ್ಣು ಎಲ್ಲ ಅರೆದು ಕುಡಿದ ಗುಂದೆಗಾಳನ್ನು ಆ ವಿಭಾಗದಲ್ಲಿ ಕೂರಿಸಿದರು.

ಹೋದ ಶರತ್ಕಾಲದಲ್ಲಿ ನಾನು ಅವಳನ್ನು ನೋಡಲು ಲಕ್ಸೆಂಬರ್ಗಿಗೆ ಹೋಗಿದ್ದೆ. ಬಿರೂತಾ ಕೊಟ್ಟ ಕಪ್ಪು ರೈ ರೊಟ್ಟಿ, ಉಪ್ಪು ಹಾಕಿದ ಅಣಬೆಯ ಜಾಡಿ ಅವಳ ಕಚೇರಿಯ ಮೇಜಿನ ಮೇಲಿಟ್ಟೆ. ಅವಳು ಮುಚ್ಚಳ ತೆರೆದು ಮೂಸಿದಳು, ಮುಚ್ಚಿದಳು.

"ಅಮ್ಮ ಏನಾದ್ರೂ ಅಂದ್ಲಾ?"

"ಇಲ್ಲ."

"ಸದ್ಯ" ಎಂದು ನಿಟ್ಟುಸಿರುಬಿಟ್ಟಳು.

"ಈ ಕೆಲಸ ನಿನಗೆ ಸರಿ ಹೋಯ್ತೇನೇ?" ಎಂದು ಕೇಳಿದೆ.

ಉತ್ತರ ಬರುವ ಮುಂಚೆ ಗೊತ್ತುಮಾಡಿದ ಹೊತ್ತಾಯಿತು, ಅವಳು ಫೋನು ತಿರುಗಿಸಬೇಕಿತ್ತು. ಫಿನ್ಲೆಂಡಿನ ಉತ್ತರದ ಒಂದು ಊರಿನ ಪ್ರಾಧ್ಯಾಪಕರಿಗೆ. ಅವರ ಶಿಷ್ಯನೊಬ್ಬ ಅರ್ಜಿ ಹಾಕಿದ್ದ. ನನಗೂ ಕೇಳಲೆಂದು ಅವಳು ಫೋನಿನ ಧ್ವನಿ ಹೆಚ್ಚಿಸಿಟ್ಟಳು.

"ನಮಸ್ಕಾರ. ನಿಮ್ಮ ಶಿಷ್ಯನ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು."

ಆ ಕಡೆಯಿಂದ ಏನೂ ಬರಲಿಲ್ಲ. ಗುಂದೆಗಾಳೂ ಏನೂ ಹೇಳಲಿಲ್ಲ. ಹೊರಗೆ ಟ್ರಾಮು ಬಂತು, ಜನ ಇಳಿದರು, ಹತ್ತಿದರು, ಟ್ರಾಮು ಹೋಯಿತು. ನಾನು ರೊಟ್ಟಿಯ ತುದಿ ಮುರಿದು ಬಾಯಿಗೆ ಹಾಕಿಕೊಂಡೆ, ಅಗಿಯುವ ಸದ್ದು ಜೋರಾಯಿತೆಂದು ನಿಲ್ಲಿಸಿದೆ. ಗುಂದೆಗಾ ಕಣ್ಣು ಮುಚ್ಚಿ, ತಲೆ ಒಂದು ಕಡೆಗೆ ವಾಲಿಸಿ, ವೈದ್ಯರು ಎದೆಬಡಿತ ಕೇಳುವಂತೆ ಕೇಳುತ್ತಿದ್ದಳು. ಮತ್ತೊಂದು ಟ್ರಾಮು ಬಂದು ಹೋದ ಮೇಲೆ ಆ ಕಡೆ ಫೋನು ಇಟ್ಟ ಸದ್ದಾಯಿತು.

ಅವಳು ಹಾಳೆಯ ಮೇಲೆ ಬರೆದಳು: 'ಅತ್ಯುತ್ತಮ ಅಭ್ಯರ್ಥಿ.'

"ಏನೂ ಹೇಳಲೇ ಇಲ್ವಲ್ಲೇ!" ಎಂದೆ.

"ಕೊನೇಲಿ ಒಂದ್ಸಲ ಉಸಿರು ಒಳಗೆ ಎಳ್ಕೊಂಡ್ರು, ಕೇಳಿಸ್ಲಿಲ್ವಾ?" ಎಂದಳು ಗುಂದೆಗಾ. ಅವಳ ಮುಖ ಬೆಳಗುತ್ತಿತ್ತು. ಕಾಲ್ಪನಿಕ ಬಂಡೆಯ ಮೇಲೆ ಬಾವುಟ ಊರಿದ ಚಳಿಗಾಲದಲ್ಲೂ ನಾನು ಅವಳನ್ನು ಅಷ್ಟು ಖುಷಿಯಾಗಿ ನೋಡಿರಲಿಲ್ಲ. "ಅಂಥ ಮೇಷ್ಟ್ರು ಅಷ್ಟು ಹೇಳಬೇಕಾದ್ರೆ, ಆ ಹುಡುಗ ಎಂಥವನಿರಬೇಕು!"

ಹಾಳೆಯ ಕೆಳಗೆ ಸಹಿ ಮಾಡಿ, ಮುಂದಿನ ಹೆಸರಿಗೆ ಫೋನು ತಿರುಗಿಸಿದಳು. ಮುಂದಿನವರು ಸಿಸಿಲಿಯವರು. ಅವಳು ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದುಕೊಂಡು, ಇನ್ನೊಂದು ಕೈಯಿಂದ ಅಣಬೆಯ ಮುಚ್ಚಳ ತೆರೆದಳು.